ನೋಡಲು ಹೋದವನ ಹಗ್ಗ

"ಬುದ್ಧಿ, ಒಂದು ಒಳ್ಳೆಯ ವಸ್ತು ಮನೆಯಲ್ಲಿರುವಾಗ ಅಂಥದೇ ಇನ್ನೊಂದಕ್ಕೆ ಆಸೆಪಟ್ಟರೆ ತಪ್ಪೇ?"

ಶಾಂತಮಲ್ಲಪ್ಪ ಹೀಗೆ ಕೇಳಿದಾಗ ಅಮಾವಾಸ್ಯೆಯ ಪೂಜೆ ಮುಗಿದಿತ್ತು. ಹಿರಿಯ ಸ್ವಾಮಿಗಳು ಮಠದ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಅವನು ಪೇಟೆಯಲ್ಲಿ ಎಣ್ಣೆಯ ಗಾಣ ಇಟ್ಟುಕೊಂಡವನು, ಮಠದ ಹಳೆಯ ಶಿಷ್ಯ. ಹಳೆಯ ಕಾಲದ ಕಾರುಗಳೆಂದರೆ ಅವನಿಗೆ ಜೀವ. ಮೊದಲು ಒಂದನ್ನು ತಂದ, ಆಮೇಲೆ ಮತ್ತೊಂದನ್ನು, ಆಮೇಲೆ ಇನ್ನೂ ಒಂದನ್ನು. ಈಗ ಮಠದ ಆಚೆಯ ಹಳ್ಳಿಯಲ್ಲಿ ಇನ್ನೊಂದು ಇದೆಯೆಂದು ಯಾರೋ ಹೇಳಿದ್ದರು. ಬುದ್ಧಿಯವರ ಅಪ್ಪಣೆ ಪಡೆದು ಹಾಗೇ ಹೋಗಿ ನೋಡಿಬರೋಣ ಎಂದು ಬಂದಿದ್ದ. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದ ಕಾಲಿಗೆಲ್ಲ ಧೂಳು ಮೆತ್ತಿಕೊಂಡಿತ್ತು.

ಸ್ವಾಮಿಗಳು ಅವನ ಪ್ರಶ್ನೆಗೆ ಉತ್ತರ ಕೊಡದೆ, "ಏನಪ್ಪಾ, ನಿನ್ನ ಹೆಂಡತಿ, ಆ ತಾಯಿ ಬರಲಿಲ್ಲವೇ? ಪ್ರತಿ ಅಮಾವಾಸ್ಯೆಗೂ ತಪ್ಪದೆ ಬರುತ್ತಿದ್ದ ಜೀವ," ಎಂದರು.

"ಅವಳಿಗೆ ಮಂಡಿ ನೋವು ಬುದ್ಧಿ. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನದೂ ಒಂದು ನಮಸ್ಕಾರ ಹೇಳಿ ಎಂದಳು," ಎಂದ ಶಾಂತಮಲ್ಲಪ್ಪ. ಹೇಳಿ, ಬೇಗ ತನ್ನ ಪ್ರಶ್ನೆಗೆ ಮರಳಿದ. "ನಾನು ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ. ಯಾರೋ ಕೊಟ್ಟಿಗೆಗೆ ಎಸೆದದ್ದನ್ನು ತಂದು ಜೀವ ಕೊಡುತ್ತೇನೆ, ಅಷ್ಟೆ. ಇದರಲ್ಲಿ ಪಾಪವೇನಿದೆ ಬುದ್ಧಿ?"

"ಪಾಪ ಎಂದವರು ಯಾರು? ಕುಳಿತುಕೋ. ಒಂದು ಕತೆ ಹೇಳುತ್ತೇನೆ," ಎಂದರು ಸ್ವಾಮಿಗಳು. ಅವನು ಚೀಲವನ್ನು ಪಕ್ಕಕ್ಕಿಟ್ಟು ಕುಳಿತ. ಅವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ಕರೀ ಬಣ್ಣದ್ದು. ಪಕ್ಕದಲ್ಲಿ ಕಾಲಿಡುವ ಹಲಗೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಏಳುವ ಎಂಜಿನು, ಬಾಗಿಲ ಬಳಿ ರಬ್ಬರ್ ಚೆಂಡಿನ ಹಾರ್ನು. ವ್ಯಾಪಾರಿಗೆ ಒಬ್ಬಳೇ ಮಗಳು. ಅವಳು ಅಪ್ಪನ ತೊಡೆಯ ಮೇಲೆ ಕುಳಿತು ಆ ಚೆಂಡನ್ನು ಒತ್ತುತ್ತಿದ್ದಳು. ಅದು ಪೋಂಕ್ ಎನ್ನುತ್ತಿತ್ತು. ಬೀದಿಯ ಹೆಂಗಸರು, ಬಂತಪ್ಪಾ ಬೆಲ್ಲದವರ ಮೆರವಣಿಗೆ ಎಂದು ನಗುತ್ತಿದ್ದರು. ಶಾಲೆಗೆ ಅದೇ ಕಾರು, ನೆಂಟರ ಮನೆಗೆ ಅದೇ ಕಾರು. ಜ್ವರ ಬಂದರೆ ಡಾಕ್ಟರ ಬಳಿಗೂ ಅದೇ ಕಾರು. ಒಂದು ದಿನವೂ ಅದು ಅವರನ್ನು ನಡುದಾರಿಯಲ್ಲಿ ಬಿಟ್ಟದ್ದಿಲ್ಲ.

ಒಮ್ಮೆ ಯಾರೋ ಬಂದು, ಇಂಥ ತೋಟದ ಕೊಟ್ಟಿಗೆಯಲ್ಲಿ ಇದರ ಜೊತೆಯದೇ ಒಂದು ನಿಂತಿದೆ, ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡುತ್ತಿವೆ ಎಂದರು. ವ್ಯಾಪಾರಿ ತೂಗುತ್ತಿದ್ದ ಬೆಲ್ಲವನ್ನು ಅಲ್ಲಿಗೇ ಬಿಟ್ಟು ಎದ್ದ. ಹೆಂಡತಿಗೆ, "ಬರೀ ನೋಡಿಕೊಂಡು ಬರುತ್ತೇನೆ ಕಣೇ," ಎಂದ. ಹೊರಡುವಾಗ ಗೋದಾಮಿನಿಂದ ಒಂದು ದಪ್ಪ ಹಗ್ಗವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಬರೀ ನೋಡಲು ಹೋಗುವವನಿಗೆ ಹಗ್ಗ ಯಾಕಯ್ಯಾ? ಅವನ ಹೆಂಡತಿ ಕೇಳಲಿಲ್ಲ. ಹಗ್ಗ ಕಂಡ ಕೂಡಲೇ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳವನ್ನೆಲ್ಲ ಎತ್ತಿ ಜಾಗ ಮಾಡಿದಳು.

ಇಷ್ಟು ಹೇಳಿ ಸ್ವಾಮಿಗಳು ನಶ್ಯದ ಡಬ್ಬಿಯನ್ನು ಹುಡುಕಿದರು. ಶಾಂತಮಲ್ಲಪ್ಪ ಪಕ್ಕದಲ್ಲಿದ್ದ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಚೀಲದ ಬಾಯಿಂದ ಹಗ್ಗದ ತುದಿ ಹೊರಗೆ ಇಣುಕುತ್ತಿತ್ತು. ಅವರು ಅದನ್ನು ನೋಡಿದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅವರು ಕತೆ ಮುಂದುವರಿಸಿದರು.

ಸಂಜೆಗೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಎರಡನೆಯ ಕಾರು ಬಂತು. ತೊಳೆದರು, ಒರೆಸಿದರು, ಕೋಳಿ ಪುಕ್ಕವನ್ನೆಲ್ಲ ಗುಡಿಸಿದರು. ಹ್ಯಾಂಡಲ್ ಹೊಡೆದರೆ ಏಳಲೊಲ್ಲದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಆ ಕಾಲದ ಸಾಮಾನು ಈಗ ಎಲ್ಲಿ ಸಿಗುತ್ತದೆ? ವ್ಯಾಪಾರಿ ಕರೀ ಕಾರಿನ ಕಡೆ ನೋಡಿದ. ಇದರದ್ದನ್ನು ಹಾಕಿ ಒಂದೇ ಒಂದು ಸಲ ಅದರ ದನಿ ಕೇಳಿಬಿಡೋಣ, ಆಮೇಲೆ ಹಾಗೇ ತಿರುಗಿ ಹಾಕಿದರಾಯಿತು ಎಂದುಕೊಂಡ. ಬಿಚ್ಚಿದ. ಅಳತೆ ಕೂಡಲಿಲ್ಲ. ಅರ ತೆಗೆದುಕೊಂಡು ಅದರ ಬಾಯಿಯನ್ನು ಒಂದಿಷ್ಟು ಉಜ್ಜಿದ, ಕೂತಿತು. ಎರಡನೆಯ ಕಾರು ಕೆಮ್ಮಿತು, ಸೀನಿತು, ಕರೀ ಹೊಗೆ ಉಗುಳಿತು, ಆಮೇಲೆ ಗುಡುಗುಡು ಎಂದು ಎದ್ದು ನಿಂತಿತು. ವ್ಯಾಪಾರಿ ಅಂಗಳದಲ್ಲಿ ನಿಂತು ಗಳಗಳನೆ ಅತ್ತುಬಿಟ್ಟ. ಅಂಥ ಸಂತೋಷ ಅದು. ಸುಳ್ಳಲ್ಲ, ಅದನ್ನು ಕಂಡವರಿಗೇ ಗೊತ್ತು.

ಆದರೆ ತಿರುಗಿ ಹಾಕುವ ದಿನ ಬರಲಿಲ್ಲ. ಅದರ ಬದಲು ಮೂರನೆಯ ಕಾರು ಬಂತು. ಅದಕ್ಕೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇರಲಿಲ್ಲ. ಕರೀ ಕಾರಿನದು ಅಲ್ಲಿಗೆ ಹೋಯಿತು. ನಾಲ್ಕನೆಯದು ಬಂತು, ಅದರ ಮರದ ಚಕ್ರಗಳು ಗೆದ್ದಲು ಹಿಡಿದು ಪುಡಿಯಾಗಿದ್ದವು. ಕರೀ ಕಾರಿನ ಚಕ್ರಗಳು ಅಲ್ಲಿಗೆ ಹೋದವು. ಕೇಳಿದವರಿಗೆ ವ್ಯಾಪಾರಿ, "ಇದು ಮನೆಯ ಹಿರಿಯಣ್ಣ, ತಮ್ಮಂದಿರಿಗೆ ಕೊಡುತ್ತಿದೆ. ಎಲ್ಲ ಒಂದೇ ಮನೆಯಲ್ಲಿ ತಾನೇ ಇರುವುದು?" ಎನ್ನುತ್ತಿದ್ದ. ಹಿರಿಯಣ್ಣ ಗೋದಾಮಿನ ಮೂಲೆಯಲ್ಲಿ ಕಲ್ಲುಗಳ ಮೇಲೆ ಕೂತಿತ್ತು. ಬೆಲ್ಲದ ಮೂಟೆಗಳು ಗೋದಾಮಿನಿಂದ ಪಡಸಾಲೆಗೆ ಬಂದಿದ್ದವು, ಮನೆಯೊಳಗೆಲ್ಲ ಇರುವೆ ಹರಿದಾಡುತ್ತಿದ್ದವು.

ಮಗಳಿಗೆ ಗಂಡು ಗೊತ್ತಾಯಿತು. ವ್ಯಾಪಾರಿ ಅವಳನ್ನು ಕರೆದು, ನಿನಗೇನು ಬೇಕು ಕೇಳು ಮಗಳೇ ಎಂದ. ಅವಳು, "ನನಗೆ ಬೇರೆ ಏನೂ ಬೇಡ ಅಪ್ಪಾ. ಈ ಮನೆಯಿಂದ ಹೊರಡುವ ದಿನ ನಮ್ಮ ಕರೀ ಕಾರಿನಲ್ಲಿ ಹೊರಡಬೇಕು. ನೀನೇ ಓಡಿಸಬೇಕು," ಎಂದಳು.

"ಅಯ್ಯೋ, ಇದೇನು ಮಹಾ! ನಾಲ್ಕು ನಟ್ಟು ಬಿಚ್ಚಿ ನಾಲ್ಕು ನಟ್ಟು ಹಾಕುವ ಕೆಲಸ. ಮುಂದೆ ಅದು, ಹಿಂದೆ ಸಾಲಾಗಿ ಉಳಿದವೆಲ್ಲ. ಊರೇ ನಿಂತು ನೋಡಬೇಕು, ಹಾಗೆ ಕಳಿಸುತ್ತೇನೆ!" ಎಂದ.

ಮಾತಿನಲ್ಲಿ ಮೋಸವಿರಲಿಲ್ಲ. ಮಗಳ ಮೇಲೆ ಅವನಿಗೆ ಪ್ರಾಣ. ಲಗ್ನಕ್ಕೆ ಮುಂಚೆ ಬಿಡುವು ಮಾಡಿಕೊಂಡು ಕೂಡಿಸಬೇಕು ಎಂದೇ ಇದ್ದ. ಅಷ್ಟರಲ್ಲಿ ನದಿಯಾಚೆಯ ಊರಿನಲ್ಲಿ ಇನ್ನೊಂದು ಇದೆಯೆಂದು ಸುದ್ದಿ ಬಂತು. ಲಗ್ನದ ಮನೆ, ಬಂದ ನೆಂಟರು, ಮೆಣಸಿನಕಾಯಿ ಒಣಗಿತೋ ಚಪ್ಪರ ಎದ್ದಿತೋ ಎಂಬ ಗಲಾಟೆ. ಅದರ ನಡುವೆ, ಬರೀ ನೋಡಿಕೊಂಡು ಬರುತ್ತೇನೆ ಎಂದು ಹಗ್ಗ ತೆಗೆದುಕೊಂಡು ಹೊರಟ. ಮರಳಿ ಬಂದಾಗ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಿಯಾಗಿತ್ತು, ಮಗಳಿಗೆ ಅರಿಶಿನ ಹಚ್ಚಿಯಾಗಿತ್ತು. ಹಿಂದೆ ಹಗ್ಗದಲ್ಲಿ ತುಕ್ಕು ಹಿಡಿದ ಇನ್ನೊಂದು ಕಾರು ಕುಂಟುತ್ತಾ ಬರುತ್ತಿತ್ತು.

ಮಾರನೆಯ ಬೆಳಗ್ಗೆ ಧಾರೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಗಂಡನ ಮನೆ ತುಂಬಬೇಕು. ಆ ಊರು ಹತ್ತಿರದ್ದೇನಲ್ಲ. ವ್ಯಾಪಾರಿ ಧಾರೆಯ ರೇಷ್ಮೆ ಪಂಚೆಯನ್ನೇ ಎತ್ತಿ ಕಟ್ಟಿ ಗೋದಾಮಿಗೆ ನುಗ್ಗಿದ. ನಾಲ್ಕನೆಯದರ ಚಕ್ರ ಬಿಚ್ಚಿ ಕರೀ ಕಾರಿಗೆ ಹಾಕಿದ. ಮೂರನೆಯದರ ಮ್ಯಾಗ್ನೆಟೊ ತಂದು ಕೂಡಿಸಿದ. ಎರಡನೆಯದರ ಕಾರ್ಬೊರೇಟರ್ ತಂದು ಅದರ ಜಾಗದಲ್ಲಿಟ್ಟ. ಕೂರಲಿಲ್ಲ. ಅದು ಕರೀ ಕಾರಿನದೇ. ಹುಟ್ಟಿನಿಂದ ಅಲ್ಲೇ ಇದ್ದದ್ದು. ಆದರೆ ಇನ್ನೊಂದಕ್ಕೆ ಹೊಂದಲಿ ಎಂದು ಅವನೇ ಅದರ ಬಾಯಿಯನ್ನು ಉಜ್ಜಿದ್ದ. ಈಗ ಸುತ್ತಲೂ ಸಂದು. ಅರಿವೆ ತುರುಕಿದ, ಸಾಬೂನು ಮೆತ್ತಿದ, ಬಿಗಿ ಮಾಡಿದ. ಇನ್ನೊಂದು ಸುತ್ತು ಬಿಗಿ ಮಾಡಿದ. ಟಣ್ ಎಂದು ನಟ್ಟು ಕೂರುವ ಅದರ ಕಿವಿ ಮುರಿದು ಅಂಗೈಗೆ ಬಂತು.

ಆದರೂ ಕಾರನ್ನು ತಳ್ಳಿಸಿಕೊಂಡು ಚಪ್ಪರದ ಮುಂದೆ ತಂದ. ಏನಾದರೂ ಆಗಿ ಎದ್ದೀತು ಎಂಬ ನಂಬಿಕೆ. ಹೂವು ಹಾಕಿದರು, ಕುಂಕುಮ ಇಟ್ಟರು. ದೃಷ್ಟಿಯಾಗದಿರಲಿ ಎಂದು ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು. ಮಗಳು ಅಳಿಯ ಹಿಂದಿನ ಸೀಟಿನಲ್ಲಿ ಕುಳಿತರು. ಓಲಗದವರು ಊದಿದರು. ವ್ಯಾಪಾರಿ ಹ್ಯಾಂಡಲ್ ಹೊಡೆದ. ಮತ್ತೆ ಹೊಡೆದ. ಅಂಗೈ ಸುಲಿಯುವವರೆಗೆ ಹೊಡೆದ. ಅಳಿಯನ ಗೆಳೆಯರು ಸರದಿಯ ಮೇಲೆ ಬಂದು ಹೊಡೆದರು. ಓಲಗದವರು ಊದಿ ಊದಿ ಸಾಕಾಗಿ ನಿಲ್ಲಿಸಿದರು. ಕಾರು ಉಸಿರೆತ್ತಲಿಲ್ಲ.

ಬೀಗರ ಪೈಕಿ ಒಬ್ಬ ಹಿರಿಯರು ಮುಂದೆ ಬಂದರು. ಒಳ್ಳೆಯ ಮನುಷ್ಯರು, ಕೊಂಕು ತಿಳಿಯದವರು. "ಯಜಮಾನರೇ, ಹೊತ್ತಾಗುತ್ತಿದೆ. ಇದು ಏಳದಿದ್ದರೆ ಬೇಡ. ನಿಮ್ಮಲ್ಲಿ ಇಷ್ಟೊಂದು ಕಾರಿವೆಯಲ್ಲ, ಯಾವುದಾದರೂ ಒಂದು ಹೊರಡಲಿ," ಎಂದರು.

ವ್ಯಾಪಾರಿ ತಿರುಗಿ ನೋಡಿದ. ಒಂದಕ್ಕೆ ಕಾರ್ಬೊರೇಟರ್ ಇಲ್ಲ, ಒಂದಕ್ಕೆ ಮ್ಯಾಗ್ನೆಟೊ ಇಲ್ಲ, ಒಂದಕ್ಕೆ ಚಕ್ರವೇ ಇಲ್ಲ. ನಿನ್ನೆ ಬಂದದ್ದರ ಕತ್ತಿನಿಂದ ಇನ್ನೂ ಹಗ್ಗ ಬಿಚ್ಚಿರಲಿಲ್ಲ. ಯಾವುದನ್ನೂ ಮತ್ತೆ ಕೂಡಿಸಲು ಹೊತ್ತು ಉಳಿದಿರಲಿಲ್ಲ. ಅವನು ಹಿರಿಯರ ಮುಖ ನೋಡಲಾರದೆ ಕೈಗಂಟಿದ್ದ ಗ್ರೀಸನ್ನು ರೇಷ್ಮೆ ಶಲ್ಯಕ್ಕೆ ಒರೆಸಿಕೊಂಡ.

ಆಗ ಮಗಳು ಸೀಟಿನಿಂದ ಮುಂದಕ್ಕೆ ಬಗ್ಗಿ, ಬಳೆಗಳ ಕೈ ಚಾಚಿ, ರಬ್ಬರ್ ಚೆಂಡನ್ನು ಒಮ್ಮೆ ಒತ್ತಿದಳು. ಪೋಂಕ್. ಅದೊಂದನ್ನು ಮಾತ್ರ ಅವನು ಯಾವ ಕಾರಿಗೂ ಕೊಟ್ಟಿರಲಿಲ್ಲ. ಮಗಳು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡು ಇಳಿದಳು. "ಹೋಗಲಿ ಬಿಡು ಅಪ್ಪಾ," ಎಂದಳು. ಅಡುಗೆಯವರ ಕೊಪ್ಪರಿಗೆ, ಸೌಟು ಹೇರಿಕೊಂಡು ಹೊರಟಿದ್ದ ಟೆಂಪೊ ಒಂದು ಬಾಗಿಲಲ್ಲಿತ್ತು. ಅದರ ಮುಂದಿನ ಸೀಟಿನಲ್ಲಿ ಮಗಳು ಅಳಿಯ ಕುಳಿತರು. ಇನ್ನೊಬ್ಬರಿಗೆ ಜಾಗವಿರಲಿಲ್ಲ. ಟೆಂಪೊ ತಿರುವು ದಾಟಿ ಮರೆಯಾದ ಮೇಲೆ ವ್ಯಾಪಾರಿ ಬಗ್ಗಿ ಕರೀ ಕಾರಿನ ಚಕ್ರದ ಕೆಳಗಿನಿಂದ ನಿಂಬೆಹಣ್ಣುಗಳನ್ನು ಎತ್ತಿಕೊಂಡ. ಒಂದಕ್ಕೂ ಒಂದು ಗೀರು ಬಿದ್ದಿರಲಿಲ್ಲ. ಅವನ್ನು ಏನು ಮಾಡಬೇಕೆಂದು ತೋಚದೆ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

ಸ್ವಾಮಿಗಳು ಕತೆ ನಿಲ್ಲಿಸಿ ಒಂದು ಚಿಟಿಕೆ ನಶ್ಯ ಏರಿಸಿದರು. ಶಾಂತಮಲ್ಲಪ್ಪ ಕಣ್ಣೊರೆಸಿಕೊಂಡ. ಆ ಹೆಣ್ಣುಮಗಳು ಕಾರಿನಿಂದ ಇಳಿದದ್ದು ಅವನ ಕರುಳಿಗೆ ತಾಗಿತ್ತು.

"ಆಮೇಲೆ ಅವನು ಎಲ್ಲವನ್ನೂ ಮಾರಿಬಿಟ್ಟನೇ ಬುದ್ಧಿ?" ಎಂದು ಕೇಳಿದ.

"ಎಲ್ಲಿ ಮಾರುತ್ತಾನೆ!" ಸ್ವಾಮಿಗಳು ಸೀನಿ, ನಕ್ಕರು. "ಮಗಳು ಹಬ್ಬಕ್ಕೆ ತವರಿಗೆ ಬರುವಾಗ ಕರೀ ಕಾರಿನಲ್ಲೇ ಕರೆತರಬೇಕು, ಅದಕ್ಕೆ ಒಂದು ಕಾರ್ಬೊರೇಟರ್ ಬೇಕು, ಇಂಥ ಊರಿನಲ್ಲಿ ಒಂದು ಹಳೆಯ ಕಾರಿದೆಯಂತೆ ಎಂದು ಮತ್ತೆ ಹಗ್ಗ ಹಿಡಿದುಕೊಂಡು ಹೊರಟ."

ಇದನ್ನು ಕೇಳಿ ಶಾಂತಮಲ್ಲಪ್ಪನ ಎದೆ ಹಗುರವಾಯಿತು. ತಾನು ಅಂಥವನಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ನೆಟ್ಟಗೆ ಕುಳಿತು ಹೇಳಿದ.

"ಎಂಥ ಹುಚ್ಚನಪ್ಪಾ ಅವನು! ಅರ ಹಾಕಿ ಉಜ್ಜುವುದೆಂದರೇನು? ನಾನು ಹಾಗಲ್ಲ ಬುದ್ಧಿ. ನನ್ನ ಮೊದಲನೆಯ ಕಾರಿನಿಂದ ಬಿಚ್ಚಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಒಂದನ್ನೂ ಕೆಡಿಸಿಲ್ಲ. ಬೇಕೆಂದರೆ ಒಂದು ಬೆಳಗ್ಗೆಯ ಕೆಲಸ. ಎಲ್ಲ ತಿರುಗಿ ಹಾಕಿದರೆ ಎದ್ದು ಕುದುರೆಯ ಹಾಗೆ ಓಡುತ್ತದೆ."

"ಒಂದೇ ಬೆಳಗ್ಗೆಯ ಕೆಲಸವೇ?" ಎಂದರು ಸ್ವಾಮಿಗಳು.

"ಅಷ್ಟೇ ಬುದ್ಧಿ. ನಿಮ್ಮ ಪಾದದಾಣೆ."

"ಹಾಗಾದರೆ ಆ ತಾಯಿ ಬಸ್ಸಿನ ಮೆಟ್ಟಿಲು ಹತ್ತುವ ಮಾತು ಯಾಕೆ ಬಂತಪ್ಪಾ?"