ಇಪ್ಪತ್ತು ನಿಮಿಷದ ಪೆಟ್ಟಿಗೆ

ಹೊಳೆ ದಂಡೆಯ ಆಶ್ರಮದಲ್ಲಿ ಹಾಡುವ ಗುರುಗಳೊಬ್ಬರಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರಿಗೆ ತಬಲಾ ಸಾಥ್ ಕೊಡುತ್ತಿದ್ದವನು ಶಿಷ್ಯ ಮುರಿಗೆಪ್ಪ.

ಲಯ ಏರಿದಾಗ ಮುರಿಗೆಪ್ಪನ ಬಲಗೈಯ ತೋರುಬೆರಳು ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಅದನ್ನು ಚುರುಕು ಮಾಡಲೆಂದು ಪೇಟೆಯಿಂದ, ತಂತಿ ಅಂಟಿಸಿ ನರಕ್ಕೆ ಸಣ್ಣಗೆ ಕರೆಂಟು ಹರಿಸುವ ಒಂದು ಪೆಟ್ಟಿಗೆ ತಂದ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಎಂದು ಮಾರಿದವನೇ ಹೇಳಿದ್ದ. ಸಾಕು ಎಂಬುದು ನಮ್ಮ ಮುರಿಗೆಪ್ಪನಿಗೆ ಗೊತ್ತಿದ್ದರೆ ತಾನೇ? ಊಟ, ಪೂಜೆ ಬಿಟ್ಟರೆ ಇಡೀ ದಿನ ತಂತಿ ಕೈಗೆ ಅಂಟಿಕೊಂಡೇ ಇರುತ್ತಿತ್ತು.

ಮೂರು ವಾರಕ್ಕೆ ಬೆರಳು ಮರಗಟ್ಟಿತು.

"ನರಕ್ಕೆ ಏಟು ಬಿದ್ದಿದೆ," ಎಂದರು ಡಾಕ್ಟರು. "ಇನ್ನು ಆ ಪೆಟ್ಟಿಗೆ ಮುಟ್ಟಬೇಡಿ. ಸ್ಪರ್ಶ ಮರಳಬಹುದು, ತಿಂಗಳುಗಳೇ ಹಿಡಿಯುತ್ತವೆ."

ಆ ಬೆರಳಿಲ್ಲದೆ ತಬಲಾ ಇಲ್ಲ. ತಬಲಾ ಇಲ್ಲದೆ ತಾನು ಯಾರು ಎಂಬುದೇ ಮುರಿಗೆಪ್ಪನಿಗೆ ತಿಳಿಯದು. ಹೆದರಿ ಹೋದ. ಗಳಿಗೆಗೊಮ್ಮೆ ಸೂಜಿಯಿಂದ ಬೆರಳು ಚುಚ್ಚಿ ನೋಡುತ್ತಿದ್ದ.

ಒಂದೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ ಬೆರಳ ತುದಿಯಲ್ಲಿ ಇರುವೆ ಹರಿದಾಡಿದಂತಾಯಿತು. ಖುಷಿಗೆ ಮೈಮರೆತು ಓಡಿ, ಮತ್ತೆ ತಂತಿ ಅಂಟಿಸಿದ.

ಅಜ್ಜಾರು ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಹೋಗಿ ಕೂತರು.

"ಮುರಿಗೆಪ್ಪಾ!"

ಅವನು ತಂತಿ ಕಿತ್ತು ಓಡಿಬಂದ. "ಏನ್ರಿ ಅಜ್ಜಾರ?"

"ಏನಿಲ್ಲ. ಹೋಗು."

ಅವನು ಮೇಲೆ ಹತ್ತುವಷ್ಟರಲ್ಲಿ ಮತ್ತೆ ಕೂಗು. "ಮುರಿಗೆಪ್ಪಾ!"

ಇಳಿದು ಬಂದ.

"ಏನಿಲ್ಲ. ಹೋಗು."

ಮಧ್ಯಾಹ್ನದವರೆಗೂ ಇದೇ ನಡೆಯಿತು. ಅಜ್ಜಾರಿಗೆ ಏನೋ ಆಗಿದೆ ಎಂದು ಅವನಿಗೆ ಬೇರೆ ದಿಗಿಲು. ಹತ್ತಿ ಇಳಿದು ಸುಸ್ತಾದ. ಕೊನೆಗೊಮ್ಮೆ ಕರೆದಾಗ, ಕಂಬಕ್ಕೆ ಒರಗಿ ಕೂತವನು ಏಳಲೇ ಇಲ್ಲ.

ಅಜ್ಜಾರೇ ಮೇಲೆ ಬಂದರು. "ಕರದ್ರ ಯಾಕ ಬರಲಿಲ್ಲ? ಕೇಳಿಸಲಿಲ್ಲೇನು?"

"ಕೇಳಿಸ್ತರಿ. ಕಾಲಾಗ ತ್ರಾಣ ಇಲ್ರಿ ಅಜ್ಜಾರ. ಸ್ವಲ್ಪ ಸುಮ್ಮನ ಕುಂದರಾಕ ಬಿಡ್ರಿ."

ಅಜ್ಜಾರು ಅವನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ತೋರುಬೆರಳ ತುಂಬ ಸೂಜಿಯ ಗಾಯಗಳಿದ್ದವು.

ಮುರಿಗೆಪ್ಪ ಎಡಗೈಯಿಂದ ಆ ಗಾಯಗಳನ್ನು ಸವರಿದ. ಅಳು ಒತ್ತರಿಸಿ ಬಂತು.

"ಇನ್ನ ಈ ಬೆರಳಿನ ತಂಟೆಗೆ ಹೋಗೂದಿಲ್ರಿ, ಕಾಯ್ತೀನಿ. ಕಾದ್ರೂ ಬರಲಿಲ್ಲಂದ್ರ?"

"ಬರಲಿಲ್ಲಂದ್ರೂ ಅದನ್ನ ಹೊಡೀಬ್ಯಾಡ. ಹದಿನೆಂಟು ವರ್ಷ ನಿನ್ನ ಮಾತು ಕೇಳಿದ ಬೆರಳದು."