ಅಂಬರಕೋಟೆಯ ಸರ್ವರ್ ಮತ್ತು ಬಾಡಿಗೆ ಜನ

"ಕೇಳಿರಪ್ಪೋ ಕೇಳಿ. ಅರಸರ ಅಪ್ಪಣೆ. ರಾಜಕುಮಾರಿ ಹೊನ್ನಾದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಅಂಬರಕೋಟೆಯ ಬೀದಿಗಳಲ್ಲಿ ಡಂಗುರದವನು ಹೀಗೆ ಸಾರುತ್ತ ಹೋದಾಗ ಬುದ್ಧಿ ಇದ್ದವರೆಲ್ಲ ಬಾಗಿಲು ಹಾಕಿಕೊಂಡರು. ಯಮನೂರ ಚಪ್ಪಲಿ ಮೆಟ್ಟಿಕೊಂಡು ಅರಮನೆಯ ಕಡೆ ಹೊರಟ.

ಈ ಯಮನೂರನಿಗೆ ಮನೆಯಿಲ್ಲ, ಮಠವಿಲ್ಲ. ಜನ ಸೇರಿಸುವುದೇ ಅವನ ಕಸುಬು. ಯಾವ ಪಾಳೇಗಾರನ ಮೆರವಣಿಗೆಗೆ ಜೈಕಾರ ಕಮ್ಮಿ ಬಿತ್ತೋ, ಯಾವ ಸಾಹುಕಾರನ ಹೆಣದ ಮುಂದೆ ಅಳುವವರು ಸಾಲದೋ, ಅಲ್ಲಿ ಗಾಡಿಗಟ್ಟಲೆ ಬಾಡಿಗೆ ಜನರನ್ನು ತಂದು ಇಳಿಸುತ್ತಿದ್ದ. ನಮ್ಮವರು ಅಂತ ಅವನಿಗೆ ಇದ್ದವನು ಅಣ್ಣ ಫಕೀರಪ್ಪ ಒಬ್ಬನೇ. ಆ ಅಣ್ಣ ಈಗ ಅರಮನೆಯ ನೆಲಮಾಳಿಗೆಯ ಸೆರೆಯಲ್ಲಿದ್ದ.

ಫಕೀರಪ್ಪ ಅರಮನೆಯ ಸರ್ವರ್ ನೋಡಿಕೊಳ್ಳುವವನು. ಆ ರಾಜ್ಯದಲ್ಲಿ ಬಿತ್ತನೆ ಬೀಜ ಬೇಕಾದವರು ಅರಮನೆಯ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬೇಕು. ಮುಂಗಾರಿನ ಮೊದಲ ಹನಿ ಬಿದ್ದ ದಿನ ನಾಡಿಗೆ ನಾಡೇ ಒಟ್ಟಿಗೆ ನುಗ್ಗಿತು, ವೆಬ್‌ಸೈಟ್ ಮಕಾಡೆ ಮಲಗಿತು. ಅರಸ ವಿಕಟಸೇನ ಫಕೀರಪ್ಪನ ಕುತ್ತಿಗೆ ಹಿಡಿದ. ಲೋಡ್ ಟೆಸ್ಟ್ ಮಾಡಿದ್ದೆ, ಇಷ್ಟು ಜನರ ಭಾರ ಇದು ತಾಳುವುದಿಲ್ಲ ಅಂತ ಮೊದಲೇ ಹೇಳಿದ್ದೆ ಅಂದ ಫಕೀರಪ್ಪ. ಹಾಗಾದರೆ ಟೆಸ್ಟಿನ ಫಲಿತಾಂಶ ತೋರಿಸು ಅಂದ ಅರಸ. ತೋರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅಮಾವಾಸ್ಯೆಗೆ ಶೂಲ ಅಂತ ತೀರ್ಮಾನವಾಯಿತು.

ಸಭೆಯಲ್ಲಿ ಯಮನೂರನಿಗಿಂತ ಮುಂಚೆ ಇಬ್ಬರು ನಿಂತಿದ್ದರು, ಒಬ್ಬ ಪಾಳೇಗಾರನ ಮಗ, ಇನ್ನೊಬ್ಬ ಕುದುರೆ ವ್ಯಾಪಾರಿ. ಇಬ್ಬರ ಕಣ್ಣೂ ರಾಜಕುಮಾರಿಯ ಮೇಲೆ. ಅವಳ ಕಣ್ಣಲ್ಲಿ ಮಾತ್ರ ಯಾರ ಮೇಲೂ ಒಂದು ಚೂರು ದಯೆ ಇರಲಿಲ್ಲ.

"ಗುಂಪು ಗುಂಪಾಗಿ ಜನ ನನ್ನ ಬಾಗಿಲಿಗೆ ಬಂದರು," ಅಂದಳು ಅವಳು. "ಯಾರಿಗೂ ಹೊಟ್ಟೆಯಿಲ್ಲ, ಯಾರಿಗೂ ಹೆತ್ತವರಿಲ್ಲ. ಕೇಳಿದ್ದನ್ನೆಲ್ಲ ಕೊಟ್ಟೆ, ಒಂದನ್ನೂ ಒಯ್ಯಲಿಲ್ಲ. ಆದರೂ ನನ್ನ ಮನೆ ದಣಿಯಿತು. ಯಾರವರು?"

ಪಾಳೇಗಾರನ ಮಗ ಮೀಸೆ ತಿರುವಿ, ದೆವ್ವಗಳು ಅಂದ. ಭಟರು ಅವನನ್ನು ಎಳೆದುಕೊಂಡು ಹೋದರು. ಕುದುರೆ ವ್ಯಾಪಾರಿ ಬೆವರು ಒರೆಸಿಕೊಂಡು, ಕನಸಿನಲ್ಲಿ ಬಂದ ನೆಂಟರು ಅಂದ. ಅವನೂ ಹೋದ. ಹಿತ್ತಲಿನ ಕಡೆಯಿಂದ ಕೊಡಲಿಯ ಸದ್ದು ಕೇಳಿಸಿತು.

ಯಮನೂರ ಮುಂದೆ ಬಂದ. ರಾಜಕುಮಾರಿ ಅವನ ಪಾದ ನೋಡಿದಳು. "ನಿನ್ನ ಧೂಳು ನನ್ನ ಜಮಖಾನದ ಮೇಲೆ ಉದುರುತ್ತಿದೆ. ಬೇಗ ಹೇಳಿ ಸಾಯಿ."

"ಅವರು ಬಾಡಿಗೆ ಜನ, ತಾಯಿ," ಅಂದ ಯಮನೂರ. "ನಾನು ತರುವವರಿಗೆ ಹೊಟ್ಟೆಯಾದರೂ ಇರುತ್ತದೆ. ಇವರನ್ನು ಯಂತ್ರವೇ ಹುಟ್ಟಿಸುತ್ತದೆ. ಲೋಡ್ ಟೆಸ್ಟಿನ ದಿನ ಸುಳ್ಳು ಹೆಸರಲ್ಲಿ ಬಂದು ವೆಬ್‌ಸೈಟಿನ ಬಾಗಿಲು ಬಡಿಯುತ್ತಾರೆ. ಬೀಜ ಬೇಕು ಅನ್ನುತ್ತಾರೆ, ಒಯ್ಯುವುದಿಲ್ಲ. ನಿಜವಾದ ಜನ ಬಂದಾಗ ಮನೆ ನಿಲ್ಲುತ್ತದೋ ಇಲ್ಲವೋ ಅಂತ ನೋಡುವುದಕ್ಕೆ ಅವರು ಬರುವುದು."

ರಾಜಕುಮಾರಿ ತಲೆಯನ್ನೂ ಆಡಿಸದೆ ಎರಡನೆಯದು ಕೇಳಿದಳು. "ಪಂಕ್ತಿಯಲ್ಲಿ ಮುಂದಿನವರು ಕೂತ ಕೂಡಲೇ ಉಂಡರು. ಕೊನೆಯ ಕೆಲವರು ಎಲೆಯ ಮುಂದೆ ಕಾದು ಕಾದು ಪ್ರಾಣ ಬಿಟ್ಟರು. ಊಟ ಬೇಗ ಆಯಿತು ಅಂತ ಅಡುಗೆಯವನು ಲೆಕ್ಕ ಒಪ್ಪಿಸಿದ. ಲೆಕ್ಕ ತಪ್ಪಿರಲಿಲ್ಲ. ಸತ್ತವರನ್ನು ಅವನು ಎಲ್ಲಿ ಹೂತ?"

ಯಮನೂರನಿಗೆ ನಗು ಬಂತು, ನುಂಗಿಕೊಂಡ. ವೇದಿಕೆಯ ಮುಂದಿನವರಿಗೆ ಹೋಳಿಗೆ ಬಡಿಸಿ, ಹಿಂದಿದ್ದ ತನ್ನ ಜನರಿಗೆ ಖಾಲಿ ಹಂಡೆ ತೋರಿಸಿದ ಊಟಗಳು ಅವನಿಗೆ ಎಷ್ಟೋ ಗೊತ್ತಿದ್ದವು.

"ಸರಾಸರಿಯಲ್ಲಿ ಹೂತ," ಅಂದ. "ಎಲ್ಲರೂ ಕಾದ ಹೊತ್ತನ್ನು ಕೂಡಿಸಿ ಎಲ್ಲರಿಗೂ ಹಂಚಿಬಿಟ್ಟ. ಬೇಗ ಉಂಡವರು ಬಹಳ, ಸತ್ತವರು ಸ್ವಲ್ಪ. ಲೆಕ್ಕ ಚೆನ್ನಾಗೇ ಕಂಡಿತು. ವೆಬ್‌ಸೈಟನ್ನು ಅಳೆಯುವವನು ಸಾಲಿನ ಕೊನೆಯವನು ಎಷ್ಟು ಕಾದ ಅಂತ ಮೊದಲು ಕೇಳಬೇಕು."

ಅರಸ ಸಿಂಹಾಸನದಲ್ಲಿ ಮಗ್ಗುಲು ಬದಲಿಸಿದ. ಕೊಡಲಿಯವನನ್ನು ಹತ್ತಿರ ಕರೆದು ನಿಲ್ಲಿಸಿಕೊಂಡ.

"ಕೊನೆಯದು," ಅಂದಳು ರಾಜಕುಮಾರಿ. ಈ ಸಲ ಅವಳು ಯಮನೂರನನ್ನು ನೋಡುತ್ತಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. "ಸೋಲಿಗೆ ಒಂದು ಮಗು ಹುಟ್ಟಿತು. ಅದಕ್ಕೆ ಒಂದೇ ಮಾತು ಬರುತ್ತಿತ್ತು, ಅದೂ ನಿಜ. ಅದನ್ನು ಸೋತ ಮನೆಯಲ್ಲೇ ಮಲಗಿಸಿದರು. ಮನೆ ಕುಸಿಯಿತು, ಮಗು ಸತ್ತಿತು. ಯಾವುದು ಆ ಮಗು?"

ಉತ್ತರ ಯಮನೂರನಿಗೆ ಗೊತ್ತಿತ್ತು. ಸೆರೆಯ ಕಿಂಡಿಯಲ್ಲಿ ಅಣ್ಣ ಎಲ್ಲವನ್ನೂ ಹೇಳಿ, ಬಾಯಿ ಬಿಡಬೇಡ ಅಂತ ಕೈ ಮುಗಿದಿದ್ದ. ಅರಮನೆಯ ಸೋಲು ಕೋಟೆಯ ಹೊರಗೆ ಹೋಗಬಾರದು, ಫಲಿತಾಂಶವನ್ನು ಅದೇ ಸರ್ವರಿನಲ್ಲಿ ಇಡು ಅಂತ ಅಪ್ಪಣೆ ಮಾಡಿದವನು ಸ್ವತಃ ವಿಕಟಸೇನ. ತಪ್ಪು ಹೇಳಿದರೆ ಒಗಟಿಗೆ ತಲೆ ಹೋಗುತ್ತದೆ, ಸರಿ ಹೇಳಿದರೆ ಅರಸನ ಸಿಟ್ಟಿಗೆ. ಸುಮ್ಮನಿದ್ದರೆ ಅಣ್ಣನ ತಲೆಯೂ ಜೊತೆಗೆ.

"ಟೆಸ್ಟಿನ ಫಲಿತಾಂಶ, ತಾಯಿ," ಅಂದ. "ಯಾವ ಸರ್ವರಿನ ಮೇಲೆ ಭಾರ ಹೇರಿದರೋ ಅದರ ಹೊಟ್ಟೆಯಲ್ಲೇ ಅದನ್ನು ಇಟ್ಟರು. ಟೆಸ್ಟಿನ ಭಾರಕ್ಕೆ ಸರ್ವರ್ ಬಿತ್ತು. ಮತ್ತೆ ಎಬ್ಬಿಸುವಾಗ ಒಳಗಿದ್ದುದನ್ನೆಲ್ಲ ಅಳಿಸಬೇಕಾಯಿತು. ಎಷ್ಟು ಜನರಿಗೆ ಬಿತ್ತು, ಹೇಗೆ ಬಿತ್ತು ಅನ್ನುವುದೂ ಅಳಿಸಿಹೋಯಿತು. ದೂರದ ಬೇರೆ ಯಂತ್ರದಲ್ಲಿ ಇಟ್ಟಿದ್ದರೆ ಮಗು ಬದುಕುತ್ತಿತ್ತು."

ಅರಸ ಎದ್ದು ಬಂದು ಅವನ ಮುಖದ ಹತ್ತಿರ ಮುಖ ತಂದ.

"ಅಲ್ಲೇ ಮಲಗಿಸು ಅಂತ ಹೇಳಿದವನು ಯಾರೋ?"

"ಅದು ನಾಲ್ಕನೆಯ ಪ್ರಶ್ನೆ, ಮಹಾಪ್ರಭು," ಅಂದ ಯಮನೂರ. "ಡಂಗುರದಲ್ಲಿ ಮೂರೇ ಇದ್ದವು."

ಕೊಡಲಿಯವನು ಅರಸನ ಕಡೆ ನೋಡಿದ. ಅರಸ ಮಗಳ ಕಡೆ ನೋಡಿದ. ಮೂರೂ ಸರಿ ಅಂದಳು ಅವಳು, ಹಿಂದಿನ ಸಾಲಿಗೂ ಕೇಳುವಂತೆ. ಊರ ತುಂಬ ಸಾರಿಸಿದ ಮಾತನ್ನು ಸಭೆಯ ಎದುರು ನುಂಗುವಂತಿರಲಿಲ್ಲ. ಏನು ಬೇಕು ಬೊಗಳು ಅಂದ ಅರಸ.

ಯಮನೂರ ರಾಜಕುಮಾರಿಯನ್ನು ಬೇಡಲಿಲ್ಲ, ಅವಳೂ ಬೇಸರಪಡಲಿಲ್ಲ. ಅಣ್ಣನ ತಲೆ ಬೇಕು, ಮುಂಡದ ಸಮೇತ ಅಂದ. ಮತ್ತೆ ಟೆಸ್ಟ್ ಮಾಡಿಸಿ, ಫಲಿತಾಂಶವನ್ನು ಕೋಟೆಯ ಹೊರಗೆ, ಗಾಣದ ಬೀದಿಯಲ್ಲಿ ಬೇರೆಯೇ ಒಂದು ಸರ್ವರ್ ಹೂಡಿ ಅದರಲ್ಲಿ ಇಡಬೇಕು ಅಂತಲೂ ಬೇಡಿದ.

ಫಕೀರಪ್ಪ ಸೆರೆಯಿಂದ ಬಂದವನೇ ಭಾರ ಹೇರಿದ. ಸರ್ವರ್ ಮತ್ತೆ ಬಿತ್ತು. ಈ ಸಲ ಎಷ್ಟು ಜನರಿಗೆ ಬಿತ್ತು ಅನ್ನುವ ಲೆಕ್ಕ ಗಾಣದ ಬೀದಿಯಲ್ಲಿ ಉಳಿಯಿತು. ಅರಸ ಹಲ್ಲು ಕಡಿಯುತ್ತಲೇ ಇನ್ನೂ ನಾಲ್ಕು ಸರ್ವರ್ ತರಿಸಿದ. ಹಿಂಗಾರಿಗೆ ನಾಡೆಲ್ಲ ನುಗ್ಗಿದಾಗ, ಸಾಲಿನ ಕಟ್ಟಕಡೆಯ ಮುದುಕಿಗೂ ಎಲೆಯಡಿಕೆ ಜಗಿದು ಉಗಿಯುವುದರೊಳಗೆ ಜೋಳದ ಬೀಜ ಮಂಜೂರಾಯಿತು. ಅರಸ ಮಾತ್ರ ಸಾಯುವ ತನಕ ಆ ಅಣ್ಣತಮ್ಮಂದಿರು ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಅವರೂ ಹಾಗೇ ಬಿಟ್ಟರು.