ಬಟ್ಟಲನ್ನು ಬಡಿದು ನೋಡಿದವಳು

"ತಾಳೆದುರ್ಗಕ್ಕೆ ಯಾವ ಕಡೆ ಹೋಗಬೇಕಪ್ಪಾ?"

ಎರಡು ದಿನದಿಂದ ಕುರುಚಲು ಕಾಡಿನಲ್ಲಿ ದಾರಿ ತಪ್ಪಿ ಸುತ್ತುತ್ತಿದ್ದ ಮಹಬೂಬಿ ಕೇಳಿದಳು. ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವಳ ಕಸುಬು. ಎದುರಾದವನು ಪಂಡಿತರ ಮಗ ಶಂಭುಲಿಂಗ. ದಾರಿ ತೋರಿಸಿದ್ದಲ್ಲದೆ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟ.

"ನೀನೂ ಡಂಗುರ ಕೇಳಿ ಹೊರಟೆಯಾ ಅಕ್ಕಾ?"

"ಏನದು ಡಂಗುರ?"

ಅವನು ವಿವರಿಸಿದ: ತಾಳೆದುರ್ಗದ ರಾಣಿ ಮಂಗಾಜಮ್ಮನವರ ಮೂರು ಒಗಟು ಬಿಡಿಸಿ, ಉತ್ತರವನ್ನು ಕಣ್ಣೆದುರು ತೋರಿಸಿದವರಿಗೆ ದಿವಾನಗಿರಿ. ತಪ್ಪಿದವರಿಗೆ ಸೂರ್ಯ ಮುಳುಗುವಾಗ ಶಿರಚ್ಛೇದ.

"ಸಾಯೋಕೆ ಇಷ್ಟು ದೂರ ನಡೀಬೇಕಾ ತಮ್ಮಾ?" ಎಂದಳು. ಅವನು ನಕ್ಕ. ಅರಮನೆಯಲ್ಲಿ ಕಲಾಯಿ ಕೆಲಸ ಸಿಕ್ಕೀತೆಂದು ಅವಳೂ ಜೊತೆಗೆ ನಡೆದಳು.

ಇಬ್ಬರೂ ಅರಮನೆ ತಲುಪುವಷ್ಟರಲ್ಲಿ ಒಬ್ಬ ಕವಿ, ಒಬ್ಬ ಜೋಯಿಸ ಸೋತು ಕೈಕಟ್ಟಿಸಿಕೊಂಡಿದ್ದರು. ಶಂಭುಲಿಂಗನ ಸರದಿ ಬಂತು.

"ಬೆವರಿದಷ್ಟೂ ತಣ್ಣಗಾಗುವವಳು, ಬಿಸಿಗಾಳಿ ಬೀಸಿದರೆ ಇನ್ನೂ ತಂಪಾಗುವವಳು ಯಾರು?" ಎಂದರು ರಾಣಿ. "ಮುಚ್ಚಿದ ಕತ್ತಲೆ ಕೋಣೆಯ ಗೋಡೆ ಮೇಲೆ ಹಗಲಲ್ಲಿ ಹೊರಗಿನ ಜನ ತಲೆಕೆಳಗಾಗಿ ನಡೆಯುತ್ತಾರೆ. ಅವರನ್ನು ಒಳಗೆ ಬಿಟ್ಟದ್ದು ಏನು?" ಆಮೇಲೆ ಕಂಚಿನ ಬಟ್ಟಲೊಂದನ್ನು ಮುಂದಿಟ್ಟರು. ನಡುವೆ ಮಗುವನ್ನು ಹೊತ್ತ ವಸುದೇವನ ಬೊಂಬೆ. "ನೀರು ಮಗುವಿನ ಪಾದ ಮುಟ್ಟುವ ತನಕ ನಿಲ್ಲುತ್ತದೆ. ಮುಟ್ಟಿತೋ, ಬಟ್ಟಲೆಲ್ಲ ಬರಿದು. ಹೇಗೆ?"

ಆ ಸೀಮೆಯ ವಿದ್ಯಾವಂತರಿಗೆ ಒಂದು ಕಾಯಿಲೆಯಿತ್ತು. ಅವರ ಬಾಯಲ್ಲಿ ಯಾವ ವಸ್ತುವೂ ಅದೇ ಆಗಿ ಉಳಿಯುತ್ತಿರಲಿಲ್ಲ, ಎಲ್ಲವೂ ಇನ್ನೊಂದರ ಉಪಮೆಯಾಗುತ್ತಿತ್ತು.

"ತಪಸ್ಸಿನಲ್ಲಿರುವ ದೇಹ. ಮಾಯೆ. ಭಗವಂತನ ಕೃಪೆ," ಎಂದ ಶಂಭುಲಿಂಗ.

"ಸೊಗಸಾಗಿದೆ. ತೋರಿಸು."

ತೋರಿಸಲು ಏನಿದೆ? ಭಟರು ಅವನ ಕೈಯನ್ನೂ ಕಟ್ಟಿದರು.

ಮಹಬೂಬಿ ಮುಂದೆ ಬಂದಳು. "ಅಮ್ಮಾವ್ರೇ, ನಾನೂ ಹೇಳ್ತೀನಿ. ಗೆದ್ದರೆ ದಿವಾನಗಿರಿ ಬೇಡ. ಈ ಮೂವರ ತಲೆ ಕೊಡಿ, ಕುತ್ತಿಗೆ ಸಮೇತ."

"ಸೋತರೆ?"

"ನಾಲ್ಕಾಗುತ್ತೆ."

ಅವಳು ಬಾಗಿಲ ಬಳಿಯಿದ್ದ ಮಣ್ಣಿನ ಮಡಕೆಗೂ ಹಿತ್ತಾಳೆ ಕೊಡಕ್ಕೂ ರಾಣಿಯ ಕೈ ಮುಟ್ಟಿಸಿದಳು. "ಮಡಕೆಯ ಮೈತುಂಬ ಕಾಣದ ತೂತು. ಜಿನುಗಿದ ನೀರು ಆವಿಯಾಗಿ ಹೋಗುವಾಗ ಬಿಸಿಯನ್ನೂ ಕರೆದುಕೊಂಡು ಹೋಗುತ್ತೆ. ಒಣಗಾಳಿ ಬೀಸಿದರೆ ಬೇಗ ಹೋಗುತ್ತೆ. ಹಿತ್ತಾಳೆ ಬೆವರಿಳಿಸಲ್ಲ."

ಆಮೇಲೆ ಕಿಟಕಿ ಬಾಗಿಲು ಮುಚ್ಚಿಸಿ, ಬಾಗಿಲಲ್ಲಿ ಮೊಳೆ ಕಳಚಿದ ಒಂದೇ ತೂತು ಉಳಿಸಿದಳು. ಎದುರು ಗೋಡೆಯ ಮೇಲೆ ಅಂಗಳದ ಭಟರು ತಲೆಯ ಮೇಲೆ ನಡೆದರು. "ಬೆಳಕು ನೆಟ್ಟಗೆ ಹೋಗುತ್ತೆ. ರುಮಾಲಿನಿಂದ ಹೊರಟದ್ದು ತೂತು ದಾಟಿ ಕೆಳಗಿಳಿಯುತ್ತೆ, ಚಪ್ಪಲಿಯಿಂದ ಹೊರಟದ್ದು ಮೇಲೇರುತ್ತೆ. ನನ್ನ ಗುಡಾರದೊಳಗೆ ದಿನಾ ಹೀಗೇ ಹೊರಗೆ ಕಟ್ಟಿದ ಕತ್ತೆ ತಲೆಕೆಳಗಾಗಿ ಬರುತ್ತೆ."

ಮೂರನೆಯದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದಾಗ ಸೂರ್ಯ ಆಗಲೇ ಪಡುವಣಕ್ಕೆ ಇಳಿದಿದ್ದ. ಶಂಭುಲಿಂಗ ಕಣ್ಣು ಮುಚ್ಚಿಕೊಂಡ.

ಹೊಸ ಪಾತ್ರೆ ಕೈಗೆ ಬಂದರೆ ಕಲಾಯಿಯವರು ಮೊದಲು ಸುತ್ತ ಬಡಿದು ಕೇಳುತ್ತಾರೆ. ಒಳಗೆ ಪೊಳ್ಳಿದ್ದರೆ ಬೆಂಕಿಗೆ ಒಡೆದೀತು. ಮಹಬೂಬಿ ಬಟ್ಟಲನ್ನು ಬಡಿದಳು. ಎಲ್ಲೆಡೆ ಗಟ್ಟಿ ಸದ್ದು, ವಸುದೇವನಲ್ಲಿ ಮಾತ್ರ ಪೊಳ್ಳು. ತಿರುಗಿಸಿದಳು. ತಳದಲ್ಲಿ ತೂತು.

"ಬೊಂಬೆಯೊಳಗೆ ಬಗ್ಗಿದ ಕೊಳವೆ ಇದೆ. ಒಂದು ಬಾಯಿ ಬಟ್ಟಲೊಳಗೆ, ಇನ್ನೊಂದು ತಳದಾಚೆ. ಕೊಳವೆಯ ನೆತ್ತಿ ಮಗುವಿನ ಪಾದದ ಎತ್ತರಕ್ಕಿದೆ, ನೀರು ಅದನ್ನು ದಾಟಿದರೆ ಆಚೆ ಜಾರುತ್ತೆ. ಜಾರುವ ನೀರಿನ ಹಿಂದೆ ಉಳಿದದ್ದನ್ನೂ ಮೇಲಿನ ಗಾಳಿ ಒತ್ತಿ ಕಳಿಸುತ್ತೆ. ದೇವರ ಕೃಪೆ ದೊಡ್ಡದೇ. ಇದು ಮಾತ್ರ ಕಂಚುಗಾರನ ಕೆಲಸ." ತಳದ ತೂತಿಗೆ ಬೆರಳೊತ್ತಿ ನೀರು ಹೊಯ್ದಳು. ಪಾದ ಮುಳುಗಿದರೂ ನೀರು ನಿಂತಿತು. ಬೆರಳು ತೆಗೆದಳು. ಬರಿದಾಯಿತು.

ರಾಣಿ ಬಟ್ಟಲನ್ನು ಎತ್ತಿ ತಳ ತಿರುಗಿಸಿ ನೋಡಿದರು. "ಮೂವರನ್ನೂ ಬಿಡಿ. ಅರಮನೆಯ ಪಾತ್ರೆಗಳೆಲ್ಲ ಇನ್ನು ಇವಳ ಕೈಗೆ."

ಮಹಬೂಬಿಯೇ ಶಂಭುಲಿಂಗನ ಹಗ್ಗ ಬಿಚ್ಚಿದಳು. "ಅರ್ಧ ಬುತ್ತಿಯ ಋಣ ತೀರಿತು, ತಮ್ಮಾ."

ಅವನು ಒಂದು ಉಪಮೆಗಾಗಿ ತಡಕಾಡಿದ. ಸಿಗಲಿಲ್ಲ. ಸುಮ್ಮನೆ ಕೈಮುಗಿದ.